ಯಾರೂ ನಗದ ಮುಖಪುಟ

ದಾವಣಗೆರೆ ನಿಟ್ಟುವಳ್ಳಿಯ ಉಚ್ಚೆಂಗಪ್ಪ ಮೇಷ್ಟ್ರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ನಮ್ಮ ಓಣಿಯ ಅರ್ಧ ಜನಕ್ಕೆ ಮಡಕೆ, ಸೇಬು, ಗುಡ್ಡದ ನಡುವೆ ಹುಟ್ಟುವ ಸೂರ್ಯನನ್ನು ಬರೆಯಲು ಹೇಳಿಕೊಟ್ಟವರು ಅವರೇ. ಆದರೆ ಮೇಷ್ಟ್ರಾಗುವ ಮುಂಚೆ, ಆದಮೇಲೂ ಒಂದಷ್ಟು ವರ್ಷ, ಅವರು ಮಾಯಾಮಂತ್ರದ ಕಾದಂಬರಿಗಳಿಗೆ ಮುಖಪುಟ ಬರೆಯುತ್ತಿದ್ದರೆಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೇ ಅವರ ದುಃಖ.

ಆ ಕಾಲಕ್ಕೆ ದಾವಣಗೆರೆಯಲ್ಲಿ ವಿಜಯಕುಮಾರ್ ಎಂಬುವರು ಒಂದು ಪ್ರೆಸ್ ನಡೆಸುತ್ತಿದ್ದರು. ಮದುವೆ ಕಾರ್ಡು, ಬಿಲ್ ಪುಸ್ತಕಗಳ ನಡುವೆ ತಿಂಗಳಿಗೊಂದು ಪಾಕೆಟ್ ಕಾದಂಬರಿ ತರುತ್ತಿದ್ದರು. ಹಾರುವ ಕುದುರೆ, ಮಾತಾಡುವ ತಲೆಬುರುಡೆ, ಸಮುದ್ರದ ತಳದ ಅರಮನೆ, ಒಬ್ಬ ಮಾಂತ್ರಿಕ, ಅವನ ಸೆರೆಯಲ್ಲಿ ಒಬ್ಬ ರಾಜಕುಮಾರಿ. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಅವನ್ನು ಬಟ್ಟೆ ಒಣಹಾಕಿದ ಹಾಗೆ ದಾರಕ್ಕೆ ನೇತುಹಾಕಿರುತ್ತಿದ್ದರು. ಬಸ್ಸು ಹೊರಡುವ ಗಡಿಬಿಡಿಯಲ್ಲಿ ಕಥೆ ಹೇಗಿದೆ ಎಂದು ನೋಡುವವರು ಯಾರು? ಮುಖಪುಟ ಕಣ್ಣಿಗೆ ಹೊಡೆದರೆ ಕೊಂಡರು, ಇಲ್ಲದಿದ್ದರೆ ಇಲ್ಲ. ಆ ಮುಖಪುಟಗಳನ್ನು ಇಬ್ಬರು ಹಂಚಿಕೊಂಡಿದ್ದರು. ಒಂದು ತಿಂಗಳು ಉಚ್ಚೆಂಗಪ್ಪ, ಮರುತಿಂಗಳು ಹರಿಹರದ ಶಬ್ಬೀರ್.

ಉಚ್ಚೆಂಗಪ್ಪ ಶಾಸ್ತ್ರೋಕ್ತವಾಗಿ ಚಿತ್ರ ಕಲಿತವರು. ರಾಜಕುಮಾರನ ತೋಳು ಬರೆಯಬೇಕಾದರೆ ಗರಡಿಮನೆಗೆ ಹೋಗಿ ಪೈಲ್ವಾನರ ಎದುರು ಕೂತು ಬರೆದುಕೊಂಡು ಬರುತ್ತಿದ್ದರು. ಕುದುರೆ ಬೇಕಾದರೆ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಕುದುರೆಗಳ ಹತ್ತಿರ ಅರ್ಧ ದಿನ ನಿಲ್ಲುತ್ತಿದ್ದರು. ಶಬ್ಬೀರ್ ಲಾರಿಗಳ ಹಿಂದೆ ಹುಲಿ, ನವಿಲು ಬರೆಯುತ್ತಿದ್ದ ಪೇಂಟರ್. ಯಾವ ಕುದುರೆಯ ಮುಂದೆಯೂ ನಿಂತವನಲ್ಲ. ಕುಂಚಕ್ಕೆ ಕೈಗೆ ಸಿಕ್ಕ ಬಣ್ಣ ಅದ್ದಿ, ಮನಸ್ಸಿಗೆ ಬಂದದ್ದನ್ನು ಬರೆದು, ಸಂಜೆಯೊಳಗೆ ಬಸ್ ಕಂಡಕ್ಟರ್ ಕೈಯಲ್ಲಿ ದಾವಣಗೆರೆಗೆ ಕಳಿಸಿಬಿಡುತ್ತಿದ್ದ. ಆದರೂ ಹಬ್ಬದ ವಿಶೇಷ ಪುಸ್ತಕ ಬಂತೆಂದರೆ ವಿಜಯಕುಮಾರ್ ಅದನ್ನು ಶಬ್ಬೀರನಿಗೇ ಕೊಡುತ್ತಿದ್ದರು.

"ಯಾಕ ಅಂತ ಕೇಳಬ್ಯಾಡ್ರಿ ಮೇಷ್ಟ್ರೇ. ನಿಮ್ಮ ಚಿತ್ರ ನೋಡಿ ಜನ ಭೇಷ್ ಅಂತಾರೆ. ಅವನ ಚಿತ್ರ ನೋಡಿ ಜೇಬಿಗೆ ಕೈ ಹಾಕ್ತಾರೆ" ಎಂದು ಒಮ್ಮೆ ಅವರು ಹೇಳಿದ್ದರು. ಆ ಮಾತು ಉಚ್ಚೆಂಗಪ್ಪನವರ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿತು. ಪ್ರೆಸ್ ಮುಚ್ಚಿತು, ವಿಜಯಕುಮಾರ್ ತೀರಿಕೊಂಡರು, ಜನ ಟೀವಿ ನೋಡತೊಡಗಿದರು, ಪಾಕೆಟ್ ಕಾದಂಬರಿಗಳು ರದ್ದಿಗೆ ಹೋದವು. ಉಚ್ಚೆಂಗಪ್ಪನವರು ತಮ್ಮ ಮೂಲ ಚಿತ್ರಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಶಬ್ಬೀರನನ್ನು ಮತ್ತೆ ನೋಡಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಅವರ ಹೆಂಡತಿ ನಿರ್ಮಲಮ್ಮ ಫೋನು ಹಿಡಿದುಕೊಂಡು ಬಂದರು.

"ಏನ್ರೀ, ಇಲ್ಲಿ ನೋಡ್ರಿ. ನೀವು ಬರೀತಿದ್ರಲ್ಲ, ಅಂಥವೇ ಪುಸ್ತಕ."

ವಿಡಿಯೋದಲ್ಲಿ ಶಾಮನೂರಿನ ಅಂಬಿಕಾ ಎಂಬ ಹುಡುಗಿ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವಳು. ಅವಳ ಅಜ್ಜಿಯ ಅಟ್ಟದ ಮೇಲೆ ಒಂದು ಗೋಣಿಚೀಲದ ತುಂಬ ಹಳೆಯ ಕಾದಂಬರಿಗಳು ಸಿಕ್ಕಿದ್ದವು. ಒಂದೊಂದೇ ಮುಖಪುಟ ತೋರಿಸಿ ಗೇಲಿ ಮಾಡುವುದು ಅವಳ ಹವ್ಯಾಸ. 'ಅಜ್ಜಿ ಅಟ್ಟ' ಎಂದು ಅದಕ್ಕೆ ಹೆಸರಿಟ್ಟಿದ್ದಳು.

"ಇವತ್ತಿನ ಪುಸ್ತಕ 'ಏಳು ನಾಲಿಗೆಯ ಮಾಂತ್ರಿಕ'. ಹೆಸರಲ್ಲಿ ಏಳು ಐತೆ. ಚಿತ್ರದಾಗೆ ಎಣಿಸ್ರಿ. ಒಂಬತ್ತು! ಎರಡು ಫ್ರೀ ಕೊಟ್ಟಾರೆ. ಹಲ್ಲು ನೋಡ್ರಿ, ನಮ್ಮ ಡಾಕ್ಟ್ರಿಗೆ ತೋರಿಸಿದ್ರೆ ಕ್ಲಿನಿಕ್ ಬಾಗಿಲು ಹಾಕ್ಕೊಂಡು ಓಡಿಹೋಗ್ತಾರೆ. ಈಗ ಅವನ ಹಿಂದೆ ನಿಂತಿರೋ ಕುದುರೆ. ಮುಂಗಾಲು ಕುದುರೇದು. ಹಿಂಗಾಲು ಮಂಚದ್ದು."

ಉಚ್ಚೆಂಗಪ್ಪನವರು ಕೆಮ್ಮು ಬರುವ ತನಕ ನಕ್ಕರು. ಚಿತ್ರದ ಮೂಲೆಯಲ್ಲಿ 'ಶಬ್ಬೀರ್, ಹರಿಹರ' ಎಂಬ ಸಹಿ ಕಾಣಿಸಿತು. ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹಾಕು" ಎಂದರು. "ಮಂಚದ ಕಾಲು! ನಾನು ಅವತ್ತೇ ಹೇಳಿದ್ದೆ ವಿಜಯಕುಮಾರಗೆ. ಈಗ ಊರೇ ಹೇಳ್ತೈತೆ ನೋಡು."

ಅಲ್ಲಿಂದಾಚೆ ದಿನಾ ಊಟವಾದ ಮೇಲೆ ಅವರಿಗೆ ಅಂಬಿಕಾಳ ವಿಡಿಯೋ ಬೇಕು. ಬೆಂಕಿ ಉಗುಳುವ ಘಟಸರ್ಪದ ಮುಖಪುಟಕ್ಕೆ ಅವಳು, "ಇದು ಬೆಂಕಿ ಉಗುಳ್ತಿಲ್ಲ, ಮಂಡಕ್ಕಿ ಜತೆ ಮೆಣಸಿನಕಾಯಿ ಕಚ್ಚೈತೆ, ನೀರು ಕೇಳ್ತೈತೆ" ಎಂದಳು. ನೀರಿನಿಂದ ಏಳುತ್ತಿದ್ದ ನಾಗಕನ್ಯೆಯ ಕೈಯಲ್ಲಿ ವಾಚು ಇತ್ತು. "ಪಾತಾಳಕ್ಕೆ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ನೋಡ್ತಾಳೆ" ಎಂದಳು. ಎಲ್ಲವೂ ಶಬ್ಬೀರನವೇ. ನಲವತ್ತು ವರ್ಷ ತಡವಾಗಿಯಾದರೂ ನ್ಯಾಯ ಸಿಕ್ಕಿತೆಂದು ಉಚ್ಚೆಂಗಪ್ಪನವರಿಗೆ ಹಾಯೆನಿಸಿತು.

ಅವರ ಸಂತೋಷಕ್ಕೆ ಮೊದಲ ಪೆಟ್ಟು ಬಿದ್ದದ್ದು ವಿಡಿಯೋದ ಕೆಳಗಿನ ಮಾತುಗಳನ್ನು ಓದಿದಾಗ. ಒಬ್ಬರು, ಈ ನಾಗಕನ್ಯೆಯನ್ನು ಕತ್ತರಿಸಿ ನಮ್ಮ ಮನೆಯ ಬೀರುವಿಗೆ ಅಂಟಿಸಿದ್ದೆವು, ಅಮ್ಮ ಹೋದಮೇಲೂ ಅದು ಹಾಗೇ ಇದೆ ಎಂದು ಬರೆದಿದ್ದರು. ಇನ್ನೊಬ್ಬರು ಈ ಮಾಂತ್ರಿಕನಿಗೆ ಹೆದರಿ ನಾನು ಕಾಯಿಲೆ ಬಿದ್ದಿದ್ದೆ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು. ಜನ ನಗುತ್ತಿದ್ದರು, ನಿಜ. ಆದರೆ ಆ ನಗು ಉಚ್ಚೆಂಗಪ್ಪನವರು ಬಯಸಿದಂಥದ್ದಾಗಿರಲಿಲ್ಲ. ತೊದಲು ಮಾತಾಡುವ ಕೂಸನ್ನು ಎತ್ತಿಕೊಂಡು ನಗುತ್ತೇವಲ್ಲ, ಹಾಗಿತ್ತು.

ಆಮೇಲೆ ಆಟೋಗಳ ಹಿಂದೆ ಮೆಣಸಿನಕಾಯಿ ಕಚ್ಚಿದ ಸರ್ಪದ ಸ್ಟಿಕ್ಕರ್ ಬಂತು. ಮಾಂತ್ರಿಕನ ಟೀ-ಶರ್ಟ್ ಹಾಕಿಕೊಂಡವನೊಬ್ಬ ತರಕಾರಿ ಅಂಗಡಿಯಲ್ಲಿ ಇವರ ಪಕ್ಕವೇ ನಿಂತ. ಉಚ್ಚೆಂಗಪ್ಪನವರು ಬದನೆಕಾಯಿ ಆರಿಸುವುದನ್ನು ಬಿಟ್ಟು ಆ ಒಂಬತ್ತು ನಾಲಿಗೆಗಳನ್ನೇ ದಿಟ್ಟಿಸುತ್ತ ನಿಂತರು. ಅವನ ಬೆನ್ನ ಮೇಲೂ 'ಶಬ್ಬೀರ್, ಹರಿಹರ'.

ಕೊನೆಗೆ ಅಂಬಿಕಾ ಹರಿಹರಕ್ಕೇ ಹೋದಳು. ಹೊಸ ವಿಡಿಯೋದಲ್ಲಿ ಶಬ್ಬೀರ್ ಕುರ್ಚಿಯಲ್ಲಿ ಕೂತಿದ್ದ, ಬಿಳಿ ಗಡ್ಡ, ಬೊಚ್ಚು ಬಾಯಿ. ಪಕ್ಕದಲ್ಲಿ ಹೆಂಡತಿ ಸಿದ್ದೀಕಾ.

"ಅಜ್ಜಾರೆ, ನಾಗಕನ್ಯೆಗೆ ವಾಚ್ ಯಾಕೆ ಹಾಕಿದ್ರಿ?" ಎಂದು ಅಂಬಿಕಾ ಕೇಳಿದಳು.

"ನಾನೆಲ್ಲಿ ಹಾಕಿದೆ ಬೇಟಾ? ನೋಡಿ ಬರೆಯೋಕೆ ಇವಳ್ನೇ ನಿಲ್ಲಿಸಿದ್ದೆ. ಆಗಷ್ಟೇ ಇವಳಣ್ಣ ಹೊಸ ವಾಚ್ ಕೊಡಿಸಿದ್ದ. ತೆಗಿ ಅಂದ್ರೆ ತೆಗೀಲಿಲ್ಲ. ವಾಚ್ ಇಲ್ದೆ ಬರ್ದಿದ್ರೆ ಅವತ್ತು ನನಗೆ ಊಟ ಇರ್ತಿರಲಿಲ್ಲ."

ಸಿದ್ದೀಕಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ವಿಡಿಯೋ ರಾಜ್ಯವೆಲ್ಲ ಸುತ್ತಿತು. ಶಬ್ಬೀರನ ಮನೆಗೆ ಜನ ಹುಡುಕಿಕೊಂಡು ಬರತೊಡಗಿದರು. ಒಬ್ಬರು ಶಾಲು ಹೊದಿಸಿದರು.

ಉಚ್ಚೆಂಗಪ್ಪನವರಿಗೆ ಅನ್ನ ಸೇರದಾಯಿತು. ಶಾಲನ್ನು ನೋಡಿದಾಗ ಆದ ಸಂಕಟಕ್ಕೆ ಹೊಟ್ಟೆಕಿಚ್ಚು ಎಂದಲ್ಲದೆ ಬೇರೆ ಹೆಸರಿಲ್ಲ. ಅವರಿಗೂ ಅದು ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದು ಕಡಿಮೆಯಾಗಲಿಲ್ಲ. ಆ ಗೋಣಿಚೀಲದಲ್ಲಿ ತಮ್ಮ ಮುಖಪುಟಗಳೂ ಇರಲೇಬೇಕು. ಒಂದನ್ನಾದರೂ ಅಂಬಿಕಾ ಗೇಲಿ ಮಾಡಬಾರದೇ? ದಿನಾ ಕಾದರು. ಬರಲಿಲ್ಲ.

ಒಂದು ದಿನ ಟ್ರಂಕು ತೆಗೆದು, ರಾಜಕುಮಾರ ಕತ್ತಿ ಎತ್ತಿ ನಿಂತಿದ್ದ ಮುಖಪುಟವೊಂದರ ಫೋಟೋ ತೆಗೆದು ನಿರ್ಮಲಮ್ಮನ ಫೋನಿನಿಂದ ಅಂಬಿಕಾಳಿಗೆ ಕಳಿಸಿದರು. ಕೆಳಗೆ, 'ನಾನು ಮಲೆಬೆನ್ನೂರಿನ ಪಾಲಯ್ಯ. ಈ ಚಿತ್ರದಲ್ಲಿ ರಾಜಕುಮಾರನ ಮೂಗು ಅತಿಯಾಗಿದೆ. ಕಿರೀಟವೂ ನಗೆ ಬರಿಸುವಂತಿದೆ. ತಾವು ಇದನ್ನು ಹಾಸ್ಯ ಮಾಡಬಹುದು' ಎಂದು ಬರೆದರು. ಪಾಲಯ್ಯ ಎಂಬ ಹೆಸರು ಆ ಕ್ಷಣಕ್ಕೆ ಹೊಳೆದದ್ದು.

ಸಂಜೆ ಉತ್ತರ ಬಂತು. 'ಪಾಲಯ್ಯ ಸರ್, ತುಂಬ ಚೆನ್ನಾಗಿದೆ ಚಿತ್ರ. ಆದರೆ ಇದರಲ್ಲಿ ನಗೋಕೆ ಏನೂ ಇಲ್ಲ. ಬೇರೆ ಇದ್ದರೆ ಕಳಿಸಿ.'

ಉಚ್ಚೆಂಗಪ್ಪನವರು ಅದನ್ನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ತಪ್ಪಿಲ್ಲದ ಹಾಗೆ ಬರೆಯುವುದಕ್ಕೆ ಆಯುಷ್ಯ ಸವೆಸಿದವರಿಗೆ ಅದೇ ತಪ್ಪಾಗಿ ಕಂಡಿತು.

ಮರುದಿನ ನಿರ್ಮಲಮ್ಮ ದುಗ್ಗಮ್ಮನ ಗುಡಿಗೆ ಹೋದ ಹೊತ್ತಿನಲ್ಲಿ ಅವರು ಟ್ರಂಕಿನ ತಳದಿಂದ ತಮ್ಮ ಅತ್ಯುತ್ತಮ ಚಿತ್ರವನ್ನು ಹೊರತೆಗೆದರು. 'ಹಿಮಗುಹೆಯ ರಾಜಕುಮಾರಿ'. ನೀಲಿ ಕತ್ತಲಲ್ಲಿ ಒಬ್ಬಳು ಹಣತೆ ಹಿಡಿದು ನಿಂತಿದ್ದಾಳೆ. ಬೆಳಕು ಬೆರಳುಗಳ ಸಂದಿಯಿಂದ ಕೆಂಪಾಗಿ ಸೋರುತ್ತಿದೆ. ಉಚ್ಚೆಂಗಪ್ಪನವರು ಅದನ್ನು ಬಹಳ ಹೊತ್ತು ನೋಡಿದರು. ಬಣ್ಣ ಕಲಸಿದರು. ಸಣ್ಣ ಕುಂಚ ತೆಗೆದುಕೊಂಡು, ಕಿರುಬೆರಳಿನ ಪಕ್ಕದಲ್ಲಿ ಆರನೆಯ ಬೆರಳೊಂದನ್ನು ಬರೆದರು. ಬೆರಳು ಕೂಡ ಚೆಂದವಾಗಿಯೇ ಬಂತು. ಗೆಣ್ಣು, ಉಗುರು, ಎಲ್ಲ ಸರಿಯಾಗಿ. ಒಣಗಿದ ಮೇಲೆ ಫೋಟೋ ತೆಗೆದು, ಪಾಲಯ್ಯನ ಹೆಸರಿನಲ್ಲೇ ಕಳಿಸಿದರು.

ಈ ಸಲ ಅಂಬಿಕಾ ಹಾಕಿದಳು. "ಮಲೆಬೆನ್ನೂರಿನ ಪಾಲಯ್ಯನೋರು ಕಳಿಸ್ಯಾರೆ. ಈ ರಾಜಕುಮಾರಿಗೆ ಆರು ಬೆರಳು. ಹಣತೆ ಹಿಡಿಯೋಕೆ ಒಂದು ಎಕ್ಸ್ಟ್ರಾ" ಎಂದಳು. ಅಷ್ಟೇ. ಅವಳಿಗೇ ಅದರಲ್ಲಿ ಹುರುಪಿರಲಿಲ್ಲ. ಕೆಳಗೆ ನಕ್ಕವರು ಕಡಿಮೆ. ಎಷ್ಟು ಚೆಂದದ ಚಿತ್ರ, ಯಾರೋ ಈಗ ಬೆರಳು ಸೇರಿಸಿ ಕೆಡಿಸಿದ್ದಾರೆ, ಬಣ್ಣ ಹೊಸದಾಗಿ ಹೊಳೆಯುತ್ತಿದೆ ನೋಡಿ ಎಂದು ಒಬ್ಬರು ಬರೆದಿದ್ದರು.

ನಿರ್ಮಲಮ್ಮನೂ ಆ ವಿಡಿಯೋ ನೋಡಿದರು. ಟ್ರಂಕಿನ ಹತ್ತಿರ ಹೋದರು. ಚಿತ್ರವನ್ನು ತಂದು ಗಂಡನ ಮುಂದೆ ಇಟ್ಟರು.

"ಇದು ನನ್ನ ಕೈ" ಎಂದರು.

ಉಚ್ಚೆಂಗಪ್ಪನವರು ತಲೆ ಎತ್ತಲಿಲ್ಲ.

"ಮದುವೆ ಆದ ವರ್ಷ ಹಿಡ್ಕೊಂಡು ನಿಂತಿದ್ದೆ. ಎಣ್ಣೆ ಕಾದು ಹಣತೆ ಸುಡ್ತಿತ್ತು. ಅಲುಗಬ್ಯಾಡ, ಬೆರಳ ನಡುವಿನ ಬೆಳಕು ಈಗ ಸಿಗ್ತೈತೆ ಅಂದ್ರಿ. ಅಲುಗಲಿಲ್ಲ ನಾನು." ಅವರ ದನಿ ಏರಲಿಲ್ಲ. "ನನಗೆ ಆರನೇ ಬೆರಳು ಯಾವಾಗ ಬಂತು ಹೇಳ್ರಿ."

ಆ ವಾರವಿಡೀ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಮಾತಿಲ್ಲ.

ಹಾಗಿರುವಾಗ ಫೋನು ಬಂತು. ನಿರ್ಮಲಮ್ಮ ತೆಗೆದು ಕೇಳಿ, ಗಂಡನ ಕೈಗೆ ಕೊಟ್ಟರು.

"ಮೇಷ್ಟ್ರೇ, ನಾನು ಶಬ್ಬೀರ್, ಹರಿಹರದಿಂದ. ಆ ಹುಡುಗಿ ನಂಬರ್ ಕೊಟ್ಳು."

ಉಚ್ಚೆಂಗಪ್ಪನವರು ಗಂಟಲು ಬದಲಿಸಿ, "ಇದು ಪಾಲಯ್ಯ, ಮಲೆಬೆನ್ನೂರು" ಎಂದರು.

"ಆಯ್ತು ಪಾಲಯ್ಯನೋರೆ. ಉಚ್ಚೆಂಗಪ್ಪ ಮೇಷ್ಟ್ರು ಸಿಕ್ಕರೆ ಒಂದು ಮಾತು ಹೇಳ್ರಿ. ಐದು ಬೆರಳು ಅಂಥಾವು ಬರೆಯೋರು ಈ ಸೀಮೆಯಾಗೆ ಅವರೊಬ್ರೇ. ಆರನೇದೂ ಅವರದೇ ಕೈ, ನನಗೆ ಗೊತ್ತಾಗ್ತೈತೆ. ಅದನ್ನ ಅಳಿಸ್ಬೇಕು ಅಂದ್ರೆ ಒದ್ದೆ ಹತ್ತಿ ತಗೊಂಡು ಮೆಲ್ಲಗೆ ಒತ್ತಬೇಕು, ಉಜ್ಜಬಾರ್ದು. ಉಜ್ಜಿದ್ರೆ ಕೆಳಗಿನ ಬಣ್ಣಾನೂ ಬರ್ತೈತೆ. ಆಮೇಲೆ, ಒಂದು ಕೆಲಸ ಐತೆ, ಹರಿಹರಕ್ಕೆ ಬಂದು ಹೋಗೋಕೆ ಹೇಳ್ರಿ."

ಫೋನಿಟ್ಟ ಮೇಲೆ ಉಚ್ಚೆಂಗಪ್ಪನವರು ಹತ್ತಿ ತಂದರು. ಒತ್ತುವುದಕ್ಕೆ ಕೈಗೆ ತಾಳ್ಮೆಯಿರಲಿಲ್ಲ. ನಿರ್ಮಲಮ್ಮ ಅವರ ಕೈಯಿಂದ ಹತ್ತಿ ಕಿತ್ತುಕೊಂಡು ತಾವೇ ಕೂತರು. ಮಧ್ಯಾಹ್ನದ ತನಕ ಒತ್ತಿ ಒತ್ತಿ ಬೆರಳನ್ನು ತೆಗೆದರು. ಅದಿದ್ದ ಜಾಗದಲ್ಲಿ ಹೊಗೆಯಂಥ ಒಂದು ಕಲೆ ಉಳಿಯಿತು.

"ಇದಕ್ಕೆ ಮತ್ತೆ ಬಣ್ಣ ಹಚ್ಚಬ್ಯಾಡ್ರಿ. ಹಿಂಗೇ ಇರ್ಲಿ" ಎಂದರು. ಆಮೇಲೆ, "ನಡ್ರಿ ಹರಿಹರಕ್ಕೆ. ನಾನೂ ಬರ್ತೀನಿ. ಇಲ್ಲಿ ಕೂತ್ರೆ ಆ ಫೋನ್ ನೋಡ್ಕೊಂತಾನೇ ನೀವು ಕರಗಿಹೋಗ್ತೀರಿ" ಎಂದರು.

ಶಬ್ಬೀರನ ಮನೆಯಲ್ಲಿ ಸಿದ್ದೀಕಾ ಚಹಾ ಕೊಟ್ಟಳು. ಶಬ್ಬೀರ್ ಎರಡೂ ಕೈ ಚಾಚಿ ಉಚ್ಚೆಂಗಪ್ಪನವರ ಕೈ ಹಿಡಿದುಕೊಂಡ. ಆ ಕೈಗಳು ನಡುಗುತ್ತಿದ್ದವು. ಹಿಡಿತ ಬಿಟ್ಟ ಮೇಲೂ ನಡುಗುತ್ತಲೇ ಇದ್ದವು. ಗೋಡೆಯ ಮೊಳೆಗೆ ಶಾಲು ನೇತುಹಾಕಿತ್ತು. ಉಚ್ಚೆಂಗಪ್ಪನವರ ಕಣ್ಣು ಮೊದಲು ಹೋದದ್ದು ಅದರ ಮೇಲೆ.

"ಪಾಲಯ್ಯನೋರು ಬರಲಿಲ್ವಾ?" ಎಂದು ಶಬ್ಬೀರ್ ಕೇಳಿದ.

ನಿರ್ಮಲಮ್ಮ ಚಹಾದ ಲೋಟದೊಳಗೇ ನಕ್ಕುಬಿಟ್ಟರು. ವಾರದ ಮೇಲೆ ಆ ನಗು ಕೇಳಿದ ಉಚ್ಚೆಂಗಪ್ಪನವರಿಗೆ ಸಿಟ್ಟು ಬರಲಿಲ್ಲ. "ಅವನಿಗೆ ಮೈ ಸರಿಯಿಲ್ಲ" ಎಂದರು.

ಕೆಲಸ ಇಷ್ಟು. ರಸ್ತೆ ಬದಿಯಲ್ಲಿ ಬಿಲಾಲ್ ಎಂಬುವನ ಚಹಾದ ಅಂಗಡಿ. ಅದರ ಪಕ್ಕದ ಗೋಡೆಯ ಮೇಲೆ ವಾಚು ಕಟ್ಟಿದ ನಾಗಕನ್ಯೆ ಬೇಕೆಂದು ಅವನು ಶಬ್ಬೀರನಿಗೆ ದುಂಬಾಲು ಬಿದ್ದಿದ್ದ. ಶಬ್ಬೀರನ ಕೈ ಕುಂಚ ಹಿಡಿಯದು, ಕಾಲು ಏಣಿ ಹತ್ತದು.

"ನಾನು ಕೆಳಗೆ ಕೂತು ಹೇಳ್ತೀನಿ, ನೀವು ಬರೀರಿ" ಎಂದ.

ಶಬ್ಬೀರನ ಚಿತ್ರವನ್ನು ತಾನು ನಕಲು ಮಾಡುವುದೇ? ಉಚ್ಚೆಂಗಪ್ಪನವರ ಬಾಯಿಗೆ ಇಲ್ಲ ಎಂಬ ಮಾತೇ ಬಂದಿತ್ತು. ಅಷ್ಟರಲ್ಲಿ ಬಿಲಾಲ್ ಬಂದು ಎಲ್ಲರನ್ನೂ ಅಂಗಡಿಗೆ ಕರೆದೊಯ್ದು ಗೋಡೆ ತೋರಿಸಿದ. ಸುಣ್ಣ ಬಳಿದು ಸಿದ್ಧವಾಗಿದ್ದ ದೊಡ್ಡ ಗೋಡೆ. ದಾವಣಗೆರೆಯಿಂದ ಬರುವ ಬಸ್ಸುಗಳೆಲ್ಲ ಅದರ ಮುಂದೆಯೇ ಹಾಯ್ದು ಹೋಗುತ್ತವೆ. ಇಷ್ಟು ದೊಡ್ಡ ಜಾಗ ಅವರಿಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಏಣಿ ಎಲ್ಲಿದೆ ಎಂದು ಕೇಳಿದರು.

ಕೆಲಸ ಕೆಲವು ದಿನ ನಡೆಯಿತು. ಶಬ್ಬೀರ್ ಕುರ್ಚಿ ಹಾಕಿಕೊಂಡು ರಸ್ತೆಯ ಆಚೆ ಕೂರುತ್ತಿದ್ದ.

"ಮೇಷ್ಟ್ರೇ, ಕೈ ಇನ್ನೂ ಉದ್ದ ಮಾಡ್ರಿ!"

"ಮೊಣಕೈ ಬಂದುಬಿಟ್ಟೈತಲ್ರಿ!" ಎಂದು ಮೇಷ್ಟ್ರು ಮೇಲಿಂದ ಕೂಗುತ್ತಿದ್ದರು.

"ಅದನ್ನ ತೆಗೀರಿ! ನಾನು ಬರ್ದಾಗ ಮೊಣಕೈ ಇರಲಿಲ್ಲ!"

ಉಚ್ಚೆಂಗಪ್ಪನವರು ಏಣಿಯ ಮೇಲೆ ಬೆವರಿದರು. ಮೊಣಕೈ ಇಲ್ಲದ ಕೈಯನ್ನು ಬರೆಯಲು ಅವರ ಕೈ ಒಪ್ಪದು. ಹೇಗೆ ಎಳೆದರೂ ಮೂಳೆ, ಕೀಲು, ನೆರಳು ತಾವಾಗಿಯೇ ಬಂದುಬಿಡುತ್ತಿದ್ದವು. ಕೊನೆಗೆ ಕೈ ಒಂದಿಷ್ಟು ಶಬ್ಬೀರನ ಹಾಗೆ ಹಾವಿನಂತೆ ಬಳುಕಿತು, ಒಂದಿಷ್ಟು ಉಚ್ಚೆಂಗಪ್ಪನವರ ಹಾಗೆ ನೆಟ್ಟಗಾಯಿತು. ಮುಖಕ್ಕೆ ಬಂದಾಗ ಶಬ್ಬೀರ್ ಎದ್ದು ಬಂದು ಗೋಡೆಯ ಕೆಳಗೆ ನಿಂತು ನೋಡಿದ.

"ನಾನು ಬರೆದದ್ದು ನಮ್ಮ ಸಿದ್ದೀಕಾ ಥರ ಇರಲೇ ಇಲ್ಲ ಮೇಷ್ಟ್ರೇ. ಇದು ಐತೆ" ಎಂದ.

ಆ ಮಾತಿನಿಂದ ಹೊಟ್ಟೆಕಿಚ್ಚು ಆರಬೇಕಿತ್ತು. ಆದರೆ ಅವತ್ತು ಸಂಜೆಯೇ ಅಂಬಿಕಾ ಬಂದಳು, ಜೊತೆಗೆ ಒಂದಷ್ಟು ಗೆಳತಿಯರು. ಎಲ್ಲರೂ ಶಬ್ಬೀರನ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬಳು ಏಣಿಯ ಮೇಲಿದ್ದವರತ್ತ ತಿರುಗಿ, "ಅಂಕಲ್, ಸ್ವಲ್ಪ ಇಳೀತೀರಾ? ಗೋಡೆ ಪೂರ್ತಿ ಬರ್ಬೇಕು" ಎಂದಳು. ಉಚ್ಚೆಂಗಪ್ಪನವರು ಇಳಿದು ಬಣ್ಣದ ಡಬ್ಬಿ ಹಿಡಿದು ಪಕ್ಕಕ್ಕೆ ನಿಂತರು.

"ಸರ್, ನಿಮ್ಮ ವಿಷಯ ಶಬ್ಬೀರಜ್ಜ ವಿಡಿಯೋ ಮಾಡಿದ ಮೊದಲನೇ ದಿನವೇ ಹೇಳಿದ್ರು" ಎಂದು ಅಂಬಿಕಾ ಅವರ ಹತ್ತಿರ ಬಂದು ಹೇಳಿದಳು. "ನಾನೇ ಕಟ್ ಮಾಡ್ದೆ. ವಿಡಿಯೋ ಉದ್ದ ಆಗ್ತಿತ್ತು."

ಅವಳು ಹೋದಮೇಲೆ ಉಳಿದದ್ದು ಸಹಿ ಮಾತ್ರ. ಶಬ್ಬೀರ್, "ನನ್ನ ಹೆಸರು ಬರೀರಿ, ಕೆಳಗೆ ನಿಮ್ಮದೂ ಬರೀರಿ. ಇಬ್ರೂ ಇರ್ಲಿ" ಎಂದು ಹೇಳಿ ನಮಾಜಿಗೆ ಹೋದ. ಉಚ್ಚೆಂಗಪ್ಪನವರು 'ಶಬ್ಬೀರ್' ಎಂದು ಮೂಲೆಯಲ್ಲಿ ಅಂದವಾಗಿ ಬರೆದರು. ಅದರ ಕೆಳಗೆ ತಮ್ಮ ಹೆಸರು ಶುರು ಮಾಡಿದರು. 'ಉ' ಸ್ವಲ್ಪ ದೊಡ್ಡದಾಯಿತು. ಅದಕ್ಕೆ ಸರಿಹೊಂದಬೇಕೆಂದರೆ 'ಚ್ಚೆ' ಇನ್ನೂ ದೊಡ್ಡದಾಗಬೇಕು. ಮುಗಿಯುವ ಹೊತ್ತಿಗೆ ಹೆಸರು ನಾಗಕನ್ಯೆಯ ಬಾಲದ ಉದ್ದಕ್ಕೂ ಹಾಯ್ದು, ಗೋಡೆಯ ಆ ತುದಿ ಮುಟ್ಟಿತ್ತು. 'ನಿಟ್ಟುವಳ್ಳಿ' ಎಂದು ಸೇರಿಸುವುದಕ್ಕೆ ಜಾಗವೇ ಸಾಲದೆ, ಅದನ್ನು ಬಿಲಾಲನ ಅಂಗಡಿಯ ಬಾಗಿಲ ಚೌಕಟ್ಟಿನ ಮೇಲೆ ಬರೆದರು.

ಎರಡು ದಿನದ ಮೇಲೆ ಅಂಬಿಕಾಳ ವಿಡಿಯೋ ಬಂತು.

"ಹರಿಹರದಾಗೆ ಹೊಸ ನಾಗಕನ್ಯೆ ಬಂದಾಳೆ. ಭಾಳ ಚೆಂದ ಅದಾಳೆ. ಆದ್ರೆ ಇಲ್ಲಿ ನೋಡ್ರಿ, ನಾಗಕನ್ಯೆಗಿಂತ ಪೇಂಟರ್ ಹೆಸರೇ ಉದ್ದ! ಊರಿನ ಹೆಸರು ಓದಬೇಕು ಅಂದ್ರೆ ಅಂಗಡಿ ಒಳಗೆ ಹೋಗ್ಬೇಕು. ಉಚ್ಚೆಂಗಪ್ಪ ಮೇಷ್ಟ್ರೇ, ಮುಂದಿನ ಸಲ ಸಹಿಗೆ ಬೇರೆ ಗೋಡೆ ತಗೊಳ್ರಿ!"

ಉಚ್ಚೆಂಗಪ್ಪನವರ ಮುಖ ಕೆಂಪಾಯಿತು. ಎದ್ದು ಅಂಗಳಕ್ಕೆ ಹೋದರು, ತುಳಸಿಗೆ ನೀರು ಹಾಕಿದರು, ಮತ್ತೆ ಒಳಗೆ ಬಂದರು.

"ಎಷ್ಟು ಜನ ನಕ್ಕಾರೆ?" ಎಂದು ಕೇಳಿದರು.

"ಭಾಳ ಜನ" ಎಂದರು ನಿರ್ಮಲಮ್ಮ.

"ಶಬ್ಬೀರನ ವಾಚಿಗೆ ನಕ್ಕಷ್ಟು?"

"ಅಷ್ಟಿಲ್ಲ."

ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರು. ನಿರ್ಮಲಮ್ಮ ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿ ಅವರ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು.

ಈಚೆಗೆ ಮೇಷ್ಟ್ರು ನನಗೆ ಹಾಲಿನ ಅಂಗಡಿಯಲ್ಲಿ ಸಿಕ್ಕಿದ್ದರು. ಅಂಗಡಿಯವನು, "ಮೇಷ್ಟ್ರೇ, ನಿಮ್ಮ ಹೆಸರು ರೈಲಿನಿಂದಾನೂ ಕಾಣ್ತೈತಂತಲ್ಲ" ಎಂದು ರೇಗಿಸಿದ.

"ರೈಲಿನಿಂದ ಕಾಣಲ್ಲ" ಎಂದರು ಉಚ್ಚೆಂಗಪ್ಪನವರು, ಚಿಲ್ಲರೆ ಜೇಬಿಗೆ ಹಾಕಿಕೊಳ್ಳುತ್ತ. "ಬಸ್ಸಿನಾಗೆ ಹೋಗು. ಎಡಗಡೆ ಕಿಟಕಿಗೆ ಕೂಡು."